ನಸುಕಿಗೆ ಸತ್ತ ಮೀನು: ಬಾಗೇವಾಡಿ ಕಡೆಯ ಒಂದು ಕೆರೆಯ ಪ್ರಕರಣ

ಬಸವ ಜಯಂತಿಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಗ್ಗೆ ಆರು ಗಂಟೆಗೆ ಫೋನ್ ಬಂತು.

"ಸರ್, ಲಗೂನ ಬರ್ರಿ. ಕೆರ್ಯಾಗಿನ ಮೀನ ಎಲ್ಲಾ ಸತ್ತು ತೇಲಾಕತ್ತಾವ. ಯಾರೋ ವಿಷ ಹಾಕ್ಯಾರ್ರಿ."

ಫೋನ್ ಮಾಡಿದವರು ಆ ಕೆರೆಯ ಮೀನಿನ ಗುತ್ತಿಗೆ ಹಿಡಿದ ಹಿರಿಯರು. ನಾನು ಅವರನ್ನು ಕಾಕಾ ಅಂತಲೇ ಕರೆಯುತ್ತೇನೆ. ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮಕ್ಕಳನ್ನು ಕರೆದುಕೊಂಡು ಎರಡು ಮೂರು ವರ್ಷದಿಂದ ಆ ಕೆರೆಗೆ ಹೋಗುತ್ತಿದ್ದೆ. ಕೆರೆ ಇರುವುದು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಒಂದು ಜಗಳ ಈಗಷ್ಟೇ ತಣ್ಣಗಾಗಿದೆ.

ನಾನು ತಲುಪುವಾಗ ಎಂಟು ಗಂಟೆ. ದಂಡೆಯ ಮೇಲೆ ಅರ್ಧ ಊರು ನಿಂತಿತ್ತು. ಗಾಳಿ ಬೀಸುವ ಕಡೆಯ ದಂಡೆಗೆ ಕಟ್ಲಾ, ರೋಹು, ಬೆಳ್ಳಿ ಗೆಂಡೆ ಸಾಲಾಗಿ ಬಂದು ನಿಂತಿದ್ದವು. ಮೂರು ಮೂರು ಕೆಜಿಯ ಕಟ್ಲಾ. ಮೇಲೆ ಹದ್ದು ಸುತ್ತುತ್ತಿದ್ದವು. ನೀರು ಮಾತ್ರ ಹಸಿರು ಬಣ್ಣ ಕದಡಿದ ಹಾಗೆ ಇತ್ತು.

ಕೆರೆಯ ಮೇಲ್ಭಾಗಕ್ಕೆ ಒಂದು ದ್ರಾಕ್ಷಿ ತೋಟ ಇದೆ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಮುಗಿದು ಚಿಗುರು ಬಂದಿತ್ತು. ಎರಡು ದಿನದ ಹಿಂದೆ ತೋಟದವರು ಬಳ್ಳಿಗೆ ಎಣ್ಣೆ, ಅಂದರೆ ಔಷಧಿ, ಹೊಡೆದಿದ್ದರು. ಇಷ್ಟು ಸಾಕಾಗಿತ್ತು. ಕಾಕಾನ ಮಗ ಆಗಲೇ ಪೊಲೀಸ್ ಸ್ಟೇಷನ್ನಿಗೆ ಹೋಗಲು ಗಾಡಿ ತೆಗೆದಿದ್ದ. "ಒಂದು ದಿನ ತಡೀಪಾ" ಅಂತ ನಾನು ಕೇಳಿಕೊಂಡೆ. ಅವನು ಕಷ್ಟಪಟ್ಟು ಒಪ್ಪಿದ.

ಸತ್ತವು ಯಾವು, ಬದುಕಿದವು ಯಾವು?

ನೀರಲ್ಲಿ ಮೀನು ಸತ್ತರೆ ಎಲ್ಲರೂ ಸತ್ತ ಮೀನನ್ನೇ ನೋಡುತ್ತಾರೆ. ಮೊದಲು ನೋಡಬೇಕಾದದ್ದು ಬದುಕಿದ ಜೀವಗಳನ್ನು.

ದಂಡೆಯ ಕಲ್ಲುಗಳ ಸಂದಿಯಲ್ಲಿ ಕಪ್ಪೆ ಇದ್ದವು. ಚೆನ್ನಾಗಿಯೇ ಇದ್ದವು. ನೀರಿನ ಮೇಲೆ ಓಡುವ ಹುಳ, ನೀರೊಳಗಿನ ಜೀರುಂಡೆ ಇದ್ದವು. ಸಣ್ಣ ಸಿಗಡಿಗಳು ನೀರು ಬಿಟ್ಟು ಒದ್ದೆ ಮಣ್ಣಿನ ಅಂಚಿಗೆ ಬಂದು ಕೂತಿದ್ದವು, ಆದರೆ ಜೀವಂತ. ಕೀಟನಾಶಕ ಬಿದ್ದಿದ್ದರೆ ಹುಳ, ಸಿಗಡಿ ಮೊದಲು ಹೋಗುತ್ತವೆ. ಅದು ಇರುವುದೇ ಅಂಥ ಜೀವಗಳನ್ನು ಕೊಲ್ಲಲು, ಅಲ್ವಾ?

ಕಾಕಾ ಬಲೆ ಎಳೆದಾಗ ಇನ್ನೊಂದು ಸುಳಿವು ಸಿಕ್ಕಿತು. ಚೇಳುಮೀನು ಆರಾಮಾಗಿ ಒದ್ದಾಡಿ ಬಲೆಯಿಂದ ಜಾರಿದವು. ಹಾವಿನ ತಲೆಯಂಥ ತಲೆ ಇರುವ ಮುರ್ರೆಲ್ ಒಂದೂ ಸತ್ತಿರಲಿಲ್ಲ. ಇವೆರಡಕ್ಕೂ ಕಿವಿರಿನ ಜೊತೆ ಗಾಳಿ ಉಸಿರಾಡುವ ಬೇರೆ ಅಂಗ ಇದೆ. ಮೇಲೆ ಬಂದು ಬಾಯಿ ತುಂಬ ಗಾಳಿ ತೆಗೆದುಕೊಂಡು ಒಳಗೆ ಹೋಗುತ್ತವೆ. ಕಟ್ಲಾ, ರೋಹುಗೆ ಆ ಅನುಕೂಲ ಇಲ್ಲ. ನೀರಲ್ಲಿ ಕರಗಿದ ಆಮ್ಲಜನಕವೇ ಅವಕ್ಕೆ ಗತಿ. ಸತ್ತ ಮೀನುಗಳ ಬಾಯಿ ಅಗಲವಾಗಿ ತೆರೆದಿತ್ತು. ಕಿವಿರಿನ ಮುಚ್ಚಳ ಹರಡಿಕೊಂಡಿತ್ತು. ದೊಡ್ಡವು ಜಾಸ್ತಿ ಸತ್ತಿದ್ದವು, ಬೆರಳುದ್ದದವು ಕಡಿಮೆ. ಉಸಿರುಗಟ್ಟಿ ಸತ್ತ ಮೀನಿನ ಗುರುತು ಇವೇ.

"ಯಾವಾಗ ಮೊದಲು ನೋಡಿದ್ರಿ ಕಾಕಾ?" ಅಂತ ಕೇಳಿದೆ.

"ನಸುಕಿನ್ಯಾಗ್ರಿ. ನಾಕೂವರಿ ಇರಬೇಕು. ಎಲ್ಲಾ ಮೀನ ಮ್ಯಾಲ ಬಾಯಿ ಮಾಡಿ ನಿಂತಿದ್ದು. ಬಿಸಲ ಏರಿದ ಮ್ಯಾಲ ಉಳಿದವು ಒಳಗ ಹೋದವು ನೋಡ್ರಿ."

ವಿಷಕ್ಕೆ ಹೊತ್ತಿನ ಲೆಕ್ಕ ಇಲ್ಲ. ಬಿಸಿಲು ಬಂದ ತಕ್ಷಣ ಅದು ನಿಲ್ಲುವುದಿಲ್ಲ. ನನಗೆ ಆಗಲೇ ಸಂಶಯ ಹುಟ್ಟಿತು. ಆದರೂ ಎರಡು ಬಾಟಲಿ ನೀರು, ಆಗಷ್ಟೇ ಸತ್ತ ಎರಡು ಮೀನು ಬರ್ಫದ ಡಬ್ಬಿಯಲ್ಲಿ ಇಟ್ಟೆವು. ಮುಂದೆ ಪರೀಕ್ಷೆ ಬೇಕಾದರೆ ಕೊಳೆತ ಮೀನು ಉಪಯೋಗಕ್ಕೆ ಬರುವುದಿಲ್ಲ. ಇಂಥದ್ದು ಎಲ್ಲೇ ಆಗಲಿ, ಮೊದಲ ಒಂದು ಗಂಟೆಯಲ್ಲಿ ಈ ಕೆಲಸ ಮಾಡಬೇಕು.

ಆ ಮೀನನ್ನು ಪ್ಯಾಟಿಗೆ ಒಯ್ಯೋಣ ಅಂತ ಒಬ್ಬಿಬ್ಬರು ಹೇಳಿದರು. ಕಾಕಾ ತಾವೇ ಬೇಡ ಅಂದರು. ದಂಡೆಯಿಂದ ದೂರ ತಗ್ಗು ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಅಷ್ಟು ಮೀನು ನೀರಲ್ಲೇ ಕೊಳೆತಿದ್ದರೆ ಉಳಿದ ಆಮ್ಲಜನಕವನ್ನೂ ಅದೇ ತಿನ್ನುತ್ತಿತ್ತು.

ಕೆರೆಯ ಕಟ್ಟೆಯ ಮೇಲೆ ಒಂದು ರಾತ್ರಿ

ಹಗಲಲ್ಲಿ ನೀರಿನ ಆಮ್ಲಜನಕ ಅಳೆದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಆ ರಾತ್ರಿ ಅಲ್ಲೇ ಉಳಿದೆವು. ನಾನು, ಇಬ್ಬರು ವಿದ್ಯಾರ್ಥಿಗಳು, ಕಾಕಾ. ಮೂರು ಮೂರು ತಾಸಿಗೊಮ್ಮೆ ನೀರು ತೆಗೆದೆವು.

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಮಾಡುವ ವಿಂಕ್ಲರ್ ವಿಧಾನ ಸಾಕು. ಗುಳ್ಳೆ ಬಾರದ ಹಾಗೆ ಗಾಜಿನ ಬಾಟಲಿ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್ ಹಾಕಬೇಕು. ನೀರಲ್ಲಿ ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಸರಿಯಾದ ಅಳತೆ ಆಮೇಲೆ ಲ್ಯಾಬಿನಲ್ಲಿ ಮಾಡಬಹುದು. ಆದರೆ ಬಣ್ಣ ಎಲ್ಲರ ಕಣ್ಣಿಗೂ ಕಾಣುತ್ತದೆ. ಓದು ಬರದವರಿಗೂ.

ಮಧ್ಯಾಹ್ನ ಮೂರಕ್ಕೆ ತೆಗೆದ ಬಾಟಲಿ ಗಾಢ ಕಂದು. ಲೀಟರಿಗೆ 13 ಮಿಲಿಗ್ರಾಂ ಆಮ್ಲಜನಕ. ಮೂವತ್ತು ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹಿಡಿದುಕೊಳ್ಳುವುದು ಬರೀ 7.5 ಮಿಲಿಗ್ರಾಂ. ಅಂದರೆ ಹೆಚ್ಚುಕಮ್ಮಿ ಎರಡರಷ್ಟು ಇತ್ತು. ನೀರನ್ನು ಹಸಿರು ಮಾಡಿದ್ದ ಹಾವಸೆ, ಅಂದರೆ ಪಾಚಿ, ಬಿಸಿಲಿನಲ್ಲಿ ಅಷ್ಟು ಆಮ್ಲಜನಕ ಮಾಡುತ್ತಿತ್ತು. ಈ ಒಂದೇ ಬಾಟಲಿ ನೋಡಿದ್ದರೆ ಕೆರೆ ಬಹಳ ಚೆನ್ನಾಗಿದೆ ಅಂತ ಬರೆದುಕೊಂಡು ಮನೆಗೆ ಹೋಗುತ್ತಿದ್ದೆ.

ರಾತ್ರಿ ಒಂಬತ್ತಕ್ಕೆ ಬಣ್ಣ ತಿಳಿಯಾಯಿತು. ಹನ್ನೆರಡಕ್ಕೆ ಇನ್ನೂ ತಿಳಿ. ಮೂರಕ್ಕೆ ಮೇಲಿನ ನೀರಿನ ಬಾಟಲಿ ಮಸುಕು ಹಳದಿ. ತಳದ ನೀರಿನ ಬಾಟಲಿಯಲ್ಲಿ ಗಸಿ ಹಾಲಿನಂತೆ ಬಿಳಿ. ಐದು ಗಂಟೆಗೆ ಮೇಲಿನದೂ ಬಿಳಿಗೆ ಬಂತು. ಅದೇ ಹೊತ್ತಿಗೆ ಬ್ಯಾಟರಿ ಬೆಳಕಿನಲ್ಲಿ ಸಾವಿರಾರು ದುಂಡು ಬಾಯಿ ಕಂಡವು. ಚಪ್ ಚಪ್ ಅಂತ ಸದ್ದು. ಕಾಕಾ ಬಾಟಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ.

ನಡೆದದ್ದು ಇಷ್ಟು. ಹಾವಸೆ ಹಗಲು ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಅದೂ ನಮ್ಮ ಹಾಗೆ ಉಸಿರಾಡುತ್ತದೆ, ಆಮ್ಲಜನಕ ತೆಗೆದುಕೊಳ್ಳುತ್ತದೆ. ಅದು ಹಿತವಾಗಿದ್ದರೆ ರಾತ್ರಿಯ ಖರ್ಚಿಗೆ ಹಗಲಿನ ಗಳಿಕೆ ಸಾಕು. ಅತಿಯಾದರೆ ಸಾಲದು. ಇಲ್ಲಿ ಎರಡು ದಿನ ಮೋಡ ಮುಚ್ಚಿತ್ತು. ಹಗಲಿನ ಗಳಿಕೆ ಬಿತ್ತು. ಮೂರನೆಯ ರಾತ್ರಿ ಗುಡುಗು, ಗಾಳಿ, ಹತ್ತು ನಿಮಿಷದ ಮಳೆ. ತಳದ ಕಪ್ಪು ರಾಡಿ ಮೇಲಕ್ಕೆ ಕದಡಿತು. ಕೊಳೆಯುವ ರಾಡಿ ಇದ್ದಬದ್ದ ಆಮ್ಲಜನಕ ಹೀರಿತು. ನಸುಕಿಗೆ ಮೀನು ಹೋದವು.

ಮರುದಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಆರು ಬಾಟಲಿ ಸಾಲಾಗಿ ಇಟ್ಟೆವು. ಕಂದಿನಿಂದ ಬಿಳಿವರೆಗೆ. ದ್ರಾಕ್ಷಿ ತೋಟದವರೂ ಬಂದಿದ್ದರು, ದೂರ ನಿಂತಿದ್ದರು. ಅವರು ಹೊಡೆದದ್ದು ಮೈಲುತುತ್ತದ ಔಷಧಿ. ಅದು ಕೆರೆಗೆ ಸಾಯಿಸುವಷ್ಟು ಹರಿದಿದ್ದರೆ ಹಾವಸೆಯೇ ಮೊದಲು ಸಾಯಬೇಕಿತ್ತು. ನೀರು ಇನ್ನೂ ಹಚ್ಚ ಹಸಿರು ಇತ್ತು. ಸಭೆ ಮುಗಿದ ಮೇಲೆ ಕಾಕಾ ಎದ್ದು ಅವರ ಹತ್ತಿರ ಹೋದರು. "ತಪ್ಪ ತಿಳದ್ವಿ, ಮನಸಿನ್ಯಾಗ ಇಟಗೋಬ್ಯಾಡ" ಅಂದರು. ಆ ದಿನದ ಎಲ್ಲ ಕೆಲಸಕ್ಕಿಂತ ಅದು ದೊಡ್ಡದು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಅಷ್ಟು ಹಸಿರು ಬಂದದ್ದು ಎಲ್ಲಿಂದ?

ಇದು ಒಂದು ರಾತ್ರಿಯ ಕತೆ ಅಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಈ ಕೆರೆ ಮೊದಲು ಶಿವರಾತ್ರಿ ದಾಟಿದರೆ ಒಣಗುತ್ತಿತ್ತು. ಹುಡುಗರು ಅದರಲ್ಲೇ ಕ್ರಿಕೆಟ್ ಆಡುತ್ತಿದ್ದರು. ರೈತರು ಚಕ್ಕಡಿ ಕಟ್ಟಿಕೊಂಡು ಬಂದು ಹೂಳು ತುಂಬಿ ಹೊಲಕ್ಕೆ ಹಾಕುತ್ತಿದ್ದರು. ಎರಿ ಮಣ್ಣು ಬಿರುಕು ಬಿಟ್ಟು ಬಿಸಿಲು ಕುಡಿಯುತ್ತಿತ್ತು. ಒಳಗೆ ಸಿಕ್ಕ ಎಲೆ, ಹೆಂಡಿ, ಕೊಳೆ ಎಲ್ಲ ಆ ಬಿರುಕಿನಲ್ಲಿ ಗಾಳಿ ತಾಗಿ ಸುಟ್ಟ ಹಾಗೆ ಆಗುತ್ತಿತ್ತು. ಬರ ಒಂದು ರೀತಿಯಲ್ಲಿ ಕೆರೆಯ ತಳ ತೊಳೆದು ಕೊಡುತ್ತಿತ್ತು.

ಆಮೇಲೆ ಕೆರೆ ತುಂಬುವ ಯೋಜನೆ ಬಂತು. ಮುಳವಾಡ ಏತ ನೀರಾವರಿಯಿಂದ ಆಲಮಟ್ಟಿ ಹಿನ್ನೀರು ಮೇಲೆ ಹತ್ತಿತು. ಅದರ ಬಗ್ಗೆ ನಾನು ಒಂದು ಕೆಟ್ಟ ಮಾತೂ ಆಡುವುದಿಲ್ಲ. ಆ ಊರಿನ ಹೆಣ್ಣುಮಕ್ಕಳು ಎರಡು ಕಿಲೋಮೀಟರ್ ದೂರದಿಂದ ಕೊಡ ಹೊತ್ತು ತಂದದ್ದನ್ನು ನೋಡಿದವನು ನಾನು. ಬಾವಿಯಲ್ಲಿ ನೀರು ಬಂತು, ಕೊಳವೆ ಬಾವಿಗೆ ಜೀವ ಬಂತು. ಚಳಿಗಾಲದಲ್ಲಿ ಹಕ್ಕಿ ಬರತೊಡಗಿದವು. ಆದರೆ ಬೇಸಿಗೆಗೊಮ್ಮೆ ಒಣಗುತ್ತಿದ್ದ ಕೆರೆ ಈಗ ಒಣಗುವುದಿಲ್ಲ. ಹೂಳು ಎತ್ತುವ ಪದ್ಧತಿ ತಾನೇ ನಿಂತಿತು. ಯಾರೂ ನಿಲ್ಲಿಸಲಿಲ್ಲ, ನೀರು ಇತ್ತು, ಅಷ್ಟೇ. ವರ್ಷ ವರ್ಷ ತಳದಲ್ಲಿ ಕಪ್ಪು ರಾಡಿ ಕೂರುತ್ತಾ ಹೋಯಿತು.

ಊರಿನ ಚರಂಡಿಯೂ ಕೆರೆಗೇ ಇಳಿಯುತ್ತದೆ. ಹಿಂದೆ ಮನೆಯಲ್ಲಿ ನೀರು ಕಡಿಮೆ, ಚರಂಡಿ ದಾರಿಯಲ್ಲೇ ಇಂಗುತ್ತಿತ್ತು. ಈಗ ನಳ ಬಂದಿದೆ, ಬಚ್ಚಲ ನೀರು ಜಾಸ್ತಿ ಆಗಿದೆ, ಅದು ಕೆರೆವರೆಗೂ ಹರಿಯುತ್ತದೆ. ಅದರ ಜೊತೆ ರಂಜಕ (ಫಾಸ್ಫರಸ್) ಬರುತ್ತದೆ. ಮೇಲಿನ ಕಬ್ಬಿನ ಹೊಲದಿಂದ ಗೊಬ್ಬರ ತೊಳೆದುಕೊಂಡು ಬರುತ್ತದೆ. ಎಮ್ಮೆ ಮೈ ತೊಳೆಯುವುದೂ ಅಲ್ಲೇ.

ಹಸಿರು ಹುಟ್ಟಲು ಈ ರಂಜಕವೇ ಮುಖ್ಯ ಕಾರಣ. ಕೆನಡಾದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಕೆರೆಯನ್ನೇ ನಡುವೆ ಪರದೆ ಹಾಕಿ ಎರಡು ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಕಡೆ ಹಸಿರು ಎದ್ದಿತು, ಇನ್ನೊಂದು ಕಡೆ ನೀರು ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೋ ನಾನು ಪ್ರತಿ ವರ್ಷ ತರಗತಿಯಲ್ಲಿ ತೋರಿಸುತ್ತೇನೆ. ರಂಜಕಕ್ಕೆ ಇನ್ನೊಂದು ಗುಣ ಇದೆ. ಅದು ತಳದ ರಾಡಿಯಲ್ಲಿ ಅಡಗಿ ಕೂರುತ್ತದೆ. ತಳದಲ್ಲಿ ಆಮ್ಲಜನಕ ಹೋದ ತಕ್ಷಣ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ಅಂದರೆ ಚರಂಡಿ ಇವತ್ತೇ ಮುಚ್ಚಿದರೂ ಹಳೆಯ ರಾಡಿ ಇರುವವರೆಗೆ ಹಸಿರು ಬರುತ್ತಲೇ ಇರುತ್ತದೆ.

ಇದರ ಮೇಲೆ ಗೊಬ್ಬರ. ಮೀನಿಗೆ ಆಹಾರ ಹುಟ್ಟಲಿ ಅಂತ ಕೆರೆಗೆ ಹೆಂಡಿ, ಸೂಪರ್ ಫಾಸ್ಫೇಟ್ ಹಾಕುವುದು ರೂಢಿ. ತಪ್ಪೇನಲ್ಲ. ಕಾಕಾ ಮಳೆಗಾಲದ ಲೆಕ್ಕದಲ್ಲೇ ಫೆಬ್ರುವರಿಯಲ್ಲೂ ಹಾಕಿದರು. ಆಗ ನಾನು ಹೋಗಿದ್ದೆ. ನೀರು ಹಸಿರಾಗಿರುವುದನ್ನು ನೋಡಿ "ಚಲೋ ಐತಿ ಕಾಕಾ, ಮೀನಿಗೆ ಊಟ ಐತಿ" ಅಂದಿದ್ದೆ. ಅಳತೆ ಮಾಡಿರಲಿಲ್ಲ. ಆ ದಿನ ಒಂದು ತಾಟು ನೀರಿಗೆ ಇಳಿಸಿ, ಅದು ಎಷ್ಟು ಆಳದವರೆಗೆ ಕಾಣುತ್ತದೆ ಅಂತ ನೋಡಿದ್ದರೆ ಎರಡು ತಿಂಗಳು ಮೊದಲೇ ಗೊತ್ತಾಗುತ್ತಿತ್ತು. ಅವರು ನನ್ನ ಮಾತು ನಂಬಿದ್ದರು. ಅದು ನನಗೆ ಇನ್ನೂ ನೋವಿದೆ.

ಮರಿ ಬಿಟ್ಟ ಲೆಕ್ಕದಲ್ಲೂ ಒಂದು ದೋಷ ಇತ್ತು. ತುಂಬಿದಾಗ ಕೆರೆ 25 ಎಕರೆ. ಆ ಅಗಲ ನೋಡಿ ಮರಿ ಬಿಟ್ಟಿದ್ದರು. ಏಪ್ರಿಲ್ ಕೊನೆಗೆ ಉಳಿದದ್ದು 5 ಎಕರೆ. ಆಳವೂ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಅಂದರೆ ನೀರು ಹದಿನೈದರಲ್ಲಿ ಒಂದು ಪಾಲು. ಮೀನು ಮಾತ್ರ ಬೆರಳುದ್ದದಿಂದ ಮೂರು ಕೆಜಿಗೆ ಬೆಳೆದಿದ್ದವು.

ಮಾಡಿದ್ದು, ಮಾಡದೆ ಬಿಟ್ಟದ್ದು

ಮೊದಲ ದಿನವೇ ಎರಡು ಡೀಸೆಲ್ ಇಂಜಿನ್ ತಂದು ಕೂರಿಸಿದೆವು. ಕೆರೆಯ ಮೇಲ್ಭಾಗದ ನೀರನ್ನೇ ಎಳೆದು, ಪೈಪಿನ ಬಾಯಿಗೆ ತೂತು ತೂತಿನ ಡಬ್ಬಿ ಕಟ್ಟಿ, ಎತ್ತರದಿಂದ ಮತ್ತೆ ಕೆರೆಗೇ ಚಿಮ್ಮಿಸಿದೆವು. ತಳದ ರಾಡಿ ಎಳೆಯದ ಹಾಗೆ ಪೈಪಿಗೆ ಖಾಲಿ ಕ್ಯಾನ್ ಕಟ್ಟಿ ತೇಲಿಸಿದೆವು. ಇಡೀ ಕೆರೆಗೆ ಇದು ಸಾಲದು. ಆದರೆ ಒಂದು ಮೂಲೆಯಲ್ಲಿ ಉಸಿರಾಡಲು ಜಾಗ ಆಯಿತು. ಆ ರಾತ್ರಿ ಉಳಿದ ಮೀನು ಆ ಮೂಲೆಗೇ ಬಂದು ಸೇರಿದವು. ಆ ಮೂಲೆಯ ಬಾಟಲಿ ಐದು ಗಂಟೆಗೂ ತಿಳಿ ಕಂದು ಇತ್ತು.

ಕೆಲವರು ಸುಣ್ಣದ ಚೀಲ ಇಳಿಸಿದ್ದರು. ಬೇಡ ಅಂದೆ. ಹಾವಸೆ ಜಾಸ್ತಿ ಇದ್ದಾಗ ಮಧ್ಯಾಹ್ನ ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) ತಾನೇ ಏರಿರುತ್ತದೆ. ಇಲ್ಲಿ 9 ಇತ್ತು. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾದಲ್ಲಿ ವಿಷವಾಗುವ ಪಾಲು ಪಿಎಚ್ 7 ಇದ್ದಾಗ ನೂರಕ್ಕೆ 1ಕ್ಕಿಂತ ಕಡಿಮೆ. ಇಷ್ಟು ಬಿಸಿ ನೀರಿನಲ್ಲಿ ಪಿಎಚ್ 9 ಆದರೆ ಅದು ನೂರಕ್ಕೆ 40 ದಾಟುತ್ತದೆ. ಅದರ ಮೇಲೆ ಪಿಎಚ್ ಇನ್ನೂ ಏರಿಸುವ ಸುಣ್ಣ ಸುರಿದರೆ ಉಳಿದವನ್ನು ನಾವೇ ಕೊಂದ ಹಾಗೆ.

ಇನ್ನೊಬ್ಬರು ಮೈಲುತುತ್ತ ಹಾಕಿ ಹಾವಸೆ ಕೊಲ್ಲೋಣ ಅಂದರು. ಕೇಳಲು ಸರಿ ಅನಿಸುತ್ತದೆ. ಹಾವಸೆ ಒಮ್ಮೆಗೇ ಸತ್ತರೆ ಒಮ್ಮೆಗೇ ಕೊಳೆಯುತ್ತದೆ. ಕೊಳೆಯಲು ಆಮ್ಲಜನಕ ಬೇಕು. ಒಂದು ನಸುಕಿನ ಸಾವು ನಾಲ್ಕು ನಸುಕು ಆಗುತ್ತದೆ. ಮೈಲುತುತ್ತದ ತಾಮ್ರ ತಳದ ಮಣ್ಣಿನಲ್ಲೇ ಉಳಿಯುತ್ತದೆ, ಆ ಮಣ್ಣು ನಾಳೆ ಹೊಲಕ್ಕೆ ಹೋಗಬೇಕು. ಅದೂ ಬೇಡ ಅಂದೆ. ದನಕ್ಕೆ ಕೆರೆಯ ನೀರು ಕುಡಿಸಬೇಡಿ ಅಂತ ಡಂಗುರ ಸಾರಿಸಿದೆವು. ಗಾಳಿಗೆ ದಂಡೆಗೆ ಬಂದು ಕೂರುವ ನೀಲಿ ಹಸಿರು ಕೆನೆ ಕೆಲವು ಸಲ ದನಕ್ಕೆ ವಿಷವಾಗುತ್ತದೆ.

ಗೊಬ್ಬರ ನಿಲ್ಲಿಸಿದರು. ಮೂರು ದಿನ ಬಲೆ ಹಾಕಿ ದೊಡ್ಡ ಮೀನು ತೆಗೆದು ಜೀವಂತ ಇರುವಾಗಲೇ ಮಾರಿದರು. ಬೆಲೆ ಬಿದ್ದಿತು. ಆದರೂ ಕಾಕಾನ ಸಾಲದಲ್ಲಿ ಅರ್ಧ ತೀರಿತು.

ದೊಡ್ಡ ಕೆಲಸ ಮೇ ತಿಂಗಳಲ್ಲಿ ಆಯಿತು. ಒಣಗಿದ ಭಾಗದ ಹೂಳು ನರೇಗಾದಲ್ಲಿ ಎತ್ತಿಸಲು ಗ್ರಾಮಸಭೆ ಒಪ್ಪಿತು. ನಡುವಿನ ಆಳದ ಮಡು ಮುಟ್ಟಬಾರದು ಅಂತ ಮೊದಲೇ ಗುರುತು ಹಾಕಿದೆವು, ಮುರ್ರೆಲ್, ಚೇಳುಮೀನು, ಆಮೆ ಬೇಸಿಗೆ ಕಳೆಯುವುದು ಅಲ್ಲೇ. ದ್ರಾಕ್ಷಿ ತೋಟದವರು ತಮ್ಮ ಟ್ರ್ಯಾಕ್ಟರ್ ಕೊಟ್ಟು ಹೂಳು ಹೊತ್ತರು. ಚಕ್ಕಡಿ ಈಗ ಇಲ್ಲ, ಆದರೆ ಕೆರೆ ಮಣ್ಣು ಮತ್ತೆ ಹೊಲಕ್ಕೆ ಹೋಯಿತು.

ಚರಂಡಿ ಕೆರೆಗೆ ಸೇರುವ ಕಡೆ ಎರಡು ತಗ್ಗು ತೋಡಿದರು. ಮೊದಲನೆಯದರಲ್ಲಿ ರಾಡಿ ಕೂರುತ್ತದೆ. ಎರಡನೆಯದರಲ್ಲಿ ಜೊಂಡು ನೆಟ್ಟಿದ್ದಾರೆ, ನೀರು ಅದರ ಬೇರಿನ ನಡುವೆ ನಿಧಾನ ಹಾಯ್ದು ಮುಂದೆ ಹೋಗುತ್ತದೆ. ಈ ವಿಷಯ ಮಾತಾಡುವಾಗ ನಾನು ವಿಜಯಪುರದ ಗಂಜ್‌ಗಳ, ಅಂದರೆ ಹಳೆಯ ನೀರಿನ ಗೋಪುರಗಳ, ಕತೆ ಹೇಳಿದೆ. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬಿನಂಥ ಕೆರೆಗಳಿಂದ ನಗರಕ್ಕೆ ಮಣ್ಣಿನ ಕೊಳವೆಯಲ್ಲಿ ನೀರು ತರುತ್ತಿದ್ದರು. ದಾರಿಯಲ್ಲಿ ಅಲ್ಲಲ್ಲಿ ಕಟ್ಟಿದ ಆ ಗೋಪುರಗಳಲ್ಲಿ ನೀರಿನ ಒತ್ತಡ ಇಳಿಯುತ್ತಿತ್ತು, ಹೂಳು ತಳಕ್ಕೆ ಕೂರುತ್ತಿತ್ತು. ರಾಡಿಯನ್ನು ದಾರಿಯಲ್ಲೇ ತಡೆಯಬೇಕು ಅನ್ನುವುದು ನಮ್ಮ ಊರಿಗೆ ಹೊಸದಲ್ಲ. ಆ ಗಂಜ್ ಮುಂದೆ ದಿನಾ ಓಡಾಡುವ ನಮಗೇ ಅದು ಮರೆತಿತ್ತು.

ಮರಿ ಬಿಡುವ ಲೆಕ್ಕ ಈಗ ಏಪ್ರಿಲ್ ನೀರಿನ ಮೇಲೆ. ಹೋಳಿ ಹುಣ್ಣಿಮೆಯೊಳಗೆ ದೊಡ್ಡ ಮೀನು ತೆಗೆಯುವುದು, ಆಮೇಲೆ ಗೊಬ್ಬರ ಹಾಕದಿರುವುದು ಅಂತ ಕಾಕಾ ತಾವೇ ನಿರ್ಧಾರ ಮಾಡಿದ್ದಾರೆ. ಎಮ್ಮೆ ತೊಳೆಯಲು ಬೇರೆ ತೊಟ್ಟಿ ಆಗಬೇಕು ಅಂತ ಮಾತಾಗಿದೆ, ಆಗಿಲ್ಲ. ಕಬ್ಬಿನ ಹೊಲದ ಗೊಬ್ಬರದ ವಿಷಯ ಇನ್ನೂ ಶುರುವೇ ಆಗಿಲ್ಲ. ಅದು ಕಷ್ಟದ ಮಾತು. ಆದರೆ ಅದನ್ನು ಮಾತಾಡದೆ ಈ ಕೆರೆಯ ಕೆಲಸ ಮುಗಿಯುವುದಿಲ್ಲ.

ನೀರು ನೋಡುವ ಕೆಲಸ ಈಗ ಊರಿನ ಹೈಸ್ಕೂಲ್ ಮಕ್ಕಳದ್ದು. ಹಳೆಯ ಊಟದ ತಾಟಿಗೆ ಕಪ್ಪು ಬಿಳುಪು ಬಣ್ಣ ಹಚ್ಚಿ, ಹಗ್ಗ ಕಟ್ಟಿ, ಪ್ರತಿ ಶನಿವಾರ ನೀರಿಗೆ ಇಳಿಸುತ್ತಾರೆ. ತಾಟು ಎಷ್ಟು ಆಳದಲ್ಲಿ ಕಣ್ಣಿಗೆ ಕಾಣದೆ ಹೋಗುತ್ತದೆ ಅಂತ ಬರೆದಿಡುತ್ತಾರೆ. ಮೀನು ಸತ್ತ ವಾರ ಅದು 12 ಸೆಂಟಿಮೀಟರಿಗೇ ಮುಳುಗಿ ಹೋಗಿತ್ತು. 30ಕ್ಕಿಂತ ಜಾಸ್ತಿ ಇದ್ದರೆ ಚಿಂತೆ ಇಲ್ಲ, 20ಕ್ಕೆ ಬಂದರೆ ಕಾಕಾಗೆ ಫೋನ್ ಮಾಡಬೇಕು ಅಂತ ಗೋಡೆಗೆ ಬರೆದುಕೊಂಡಿದ್ದಾರೆ.

ಈ ಮಾರ್ಚ್ ಕೊನೆಯ ಶನಿವಾರ 24 ಬಂತು. ಫೋನ್ ಮಾಡುವ ಅಳತೆ ಅಲ್ಲ. ಆದರೂ ಎಂಟನೇ ತರಗತಿಯ ಹುಡುಗಿಯೊಬ್ಬಳು ಮಾಡಿದಳು, "ಮುತ್ಯಾ, ಮೋಡ ಆಗೇತಿ ನೋಡ್ರಿ" ಅಂತ. ಕಾಕಾ ಅವತ್ತೇ ಸಂಜೆ ಇಂಜಿನ್ ಹಚ್ಚಿ, ಮರುದಿನ ಎರಡು ಬಲೆ ಮೀನು ತೆಗೆದರು.